ದುಡಿದ ನೆಲದಲ್ಲಿ ಮತದ ಹಕ್ಕು

ಹೊರಗಿನಿಂದ ಬಂದು ನೆಲೆಸಿದವನಿಗೆ ಆ ನಾಡಿನ ಆಡಳಿತದಲ್ಲಿ ಪಾಲು ಇರಬೇಕೆ? ಅವನ ದುಡಿಮೆ ಬೇಕು, ಮತ ಬೇಡ ಎನ್ನುವುದು ನ್ಯಾಯವೆ? ಈ ಪ್ರಶ್ನೆಯನ್ನು ವಿಚಾರಿಸಲು ನೀಲಗಿರಿಯ ಕನ್ನಡಿಗರಾದ ನಾವು ದೂರ ಹೋಗಬೇಕಾಗಿಲ್ಲ. ಗೂಡಲೂರು, ಕೋತಗಿರಿಯ ಕಡೆ ಸಿಲೋನಿನಿಂದ ಮರಳಿದ ಕುಟುಂಬಗಳು ನಮ್ಮ ನೆರೆಯಲ್ಲಿಯೇ ಇವೆ.

ಬ್ರಿಟಿಷ್ ತೋಟಗಾರರು ಇವರ ಹಿರಿಯರನ್ನು ತಮಿಳುನಾಡಿನಿಂದ ಕರೆದೊಯ್ದದ್ದು ಮೊದಲು ಕಾಫಿಗೆ, ಬಳಿಕ ಚಹಾಕ್ಕೆ. 1947ರ ಚುನಾವಣೆಯಲ್ಲಿ ಅವರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ಸು ಏಳು ಸ್ಥಾನಗಳನ್ನು ಗೆದ್ದಿತ್ತು. ಮರುವರ್ಷದ ಪೌರತ್ವ ಕಾಯಿದೆಯು ತಂದೆಯೂ ಆ ದ್ವೀಪದಲ್ಲಿಯೇ ಹುಟ್ಟಿದನೆಂಬುದಕ್ಕೆ ಪುರಾವೆ ಕೇಳಿತು. ಲೈನುಮನೆಯಲ್ಲಿ ಹುಟ್ಟಿದ ಕೂಲಿಯ ಬಳಿ ಅಪ್ಪನ ಜನನಪತ್ರ ಎಲ್ಲಿಂದ ಬರಬೇಕು? 1949ರಲ್ಲಿ ಪೌರರಲ್ಲದವರ ಮತವೂ ಹೋಯಿತು.

ಸಿಂಹಳೀಯರ ಅಳಲು ಸುಳ್ಳಾಗಿರಲಿಲ್ಲವೆಂಬುದನ್ನೂ ಹೇಳಬೇಕು. ಕ್ಯಾಂಡಿಯ ರೈತರ ಸುತ್ತಲಿನ ಬೆಟ್ಟಗಳನ್ನು ತೋಟಗಳು ನುಂಗಿದ್ದವು. ತಮ್ಮ ಕ್ಷೇತ್ರಗಳಲ್ಲಿಯೇ ತಾವು ಅಲ್ಪಸಂಖ್ಯಾತರಾಗುವೆವೆಂಬ ಭಯ ಅವರಿಗಿತ್ತು. ಆದರೆ ನೆಲವನ್ನು ಕಿತ್ತುಕೊಂಡವನು ದೊರೆ, ದಂಡ ತೆತ್ತವನು ಕೂಲಿ. ಭಯ ನಿಜವಾದ ಮಾತ್ರಕ್ಕೆ ಶಿಕ್ಷೆ ನ್ಯಾಯವಾಗುವುದಿಲ್ಲ.

ಮತವಿಲ್ಲದವನಿಗೆ ಏನಾಗುತ್ತದೆಂಬುದು 1964ರಲ್ಲಿ ಕಂಡಿತು. ಶಾಸ್ತ್ರಿ ಮತ್ತು ಸಿರಿಮಾವೊ ಅವರ ಒಪ್ಪಂದದಂತೆ 9,75,000 ಜನರಲ್ಲಿ 5,25,000 ಮಂದಿ ಭಾರತಕ್ಕೆ, 3,00,000 ಮಂದಿ ಸಿಲೋನಿಗೆ. ಉಳಿದ ಒಂದೂವರೆ ಲಕ್ಷದ ಮಾತು ಮುಂದಕ್ಕೆ. ಅಣ್ಣತಮ್ಮಂದಿರು ತೆಂಗಿನಕಾಯಿ ಹಂಚಿಕೊಂಡಂತೆ! ಒಪ್ಪಂದದ ಮೇಜಿನ ಮುಂದೆ ಆ ಜನರ ಪರವಾಗಿ ಕುಳಿತವರು ಯಾರೂ ಇರಲಿಲ್ಲ. ಬಂದವರಿಗೆ ಆಸರೆಯಾಗಲೆಂದು 1968ರಿಂದ ಇಲ್ಲಿ ಸರಕಾರಿ ಚಹಾತೋಟಗಳು ಎದ್ದವು.

ನಮ್ಮ ಪಾಡು ಬೇರೆ. ನಾವು ಹೋಗಿ ನೆಲೆಸಿದವರಲ್ಲ, 1956ರ ಗೆರೆಯ ಈಚೆ ಉಳಿದವರು. ಸಂಖ್ಯೆಯಲ್ಲಿ ಸಣ್ಣವರಾದರೂ ಮತ ನಮ್ಮ ಕೈಯಲ್ಲಿದೆ. ಆದುದರಿಂದಲೇ ಕನ್ನಡ ಶಾಲೆಗಾಗಿ ಅರ್ಜಿ ಹಿಡಿದು ಹೋದರೆ ಕುರ್ಚಿಯಾದರೂ ಸಿಗುತ್ತದೆ.

ಎರಡು ನಾಡುಗಳ ಮೇಲೆ ಮಮತೆ ಇರುವವನನ್ನು ನಂಬುವುದು ಹೇಗೆ ಎಂದು ಕೆಲವರು ಕೇಳುತ್ತಾರೆ. ತವರನ್ನು ನೆನೆಯುವ ಸೊಸೆಗೆ ಗಂಡನ ಮನೆಯ ಅಡುಗೆಮನೆ ಬಿಟ್ಟುಕೊಡುವುದಿಲ್ಲವೆ? ನ್ಯೂಜಿಲೆಂಡ್ 1975ರಿಂದಲೇ ಪೌರತ್ವ ಕೇಳದೆ ಕಾಯಂ ನಿವಾಸಿಗಳಿಗೆ ಮತ ಕೊಟ್ಟಿದೆ. ಕಾನೂನಿನ ಹೊರೆ ಹೊರುವವನಿಗೆ ಕಾನೂನು ಮಾಡುವಲ್ಲಿ ಮಾತಿರಬೇಕು ಎಂಬುದೇ ಅಲ್ಲಿಯ ಅಳತೆಯೆಂದು ನಾವು ತಿಳಿಯುತ್ತೇವೆ. ನಮಗೆ ಅದು ರಕ್ತದ ಅಳತೆಗಿಂತ ಸರಿಯಾಗಿ ಕಾಣುತ್ತದೆ.

ಶ್ರೀಲಂಕೆಯಲ್ಲಿ ಉಳಿದವರಿಗೂ ಕಡೆಗೆ ಪೌರತ್ವ ಕೊಡುವ ಕಾಯಿದೆ 2003ರಲ್ಲಿ ಬಂದಿತು. ಅಷ್ಟರಲ್ಲಿ ಹಡಗಿನಿಂದ ರಾಮೇಶ್ವರದಲ್ಲಿ ಇಳಿದವರು ನೀಲಗಿರಿಯಲ್ಲಿ ಮೊಮ್ಮಕ್ಕಳನ್ನು ಕಂಡಿದ್ದರು.