ಅಪ್ಪನ ಬೆಲ್ ಬಾಟಂ

ಹೋದ ತಿಂಗಳು ಆಫೀಸಲ್ಲಿ ರೆಟ್ರೋ ಡೇ. 1,800 ರೂಪಾಯಿ ಕೊಟ್ಟು ಬೆಲ್ ಬಾಟಂ ತಗೊಂಡೆ. ಫೋಟೋ ನೋಡಿ ಅವ್ವ ಫೋನ್ ಮಾಡಿದ್ಲು: "ಥೇಟ್ ನಿಮ್ಮಪ್ಪನ ಪ್ಯಾಂಟ್ ಇದ್ದಂಗ ಐತಲ್ಲೋ! ಅದನ್ನ ಹರಿದು ಕೌದಿಗೆ ಹಾಕೀನಿ."

ಮೊದಲು ನಗು ಬಂತು. ಆಮೇಲೆ 2002 ನೆನಪಾಯ್ತು. ನನ್ನ ಬಿಇ ಅಡ್ಮಿಷನ್‌ಗೆ ಅಪ್ಪ ಹಾಕ್ಕೊಂಡು ಬಂದಿದ್ದು ಅದೇ ಪ್ಯಾಂಟು, ಮದುವೆಗೆ ಹೊಲಿಸಿದ್ದು. ಕಾಲೇಜಿನ ಗೇಟಲ್ಲಿ ಯಾರೋ ನಕ್ಕರು. ನಾನು ಹತ್ತು ಹೆಜ್ಜೆ ಮುಂದೆ ನಡೆದೆ, ಅವರು ಯಾರೋ ನಾನು ಯಾರೋ ಅನ್ನೋ ಹಾಗೆ.

ಬೆಲ್ ಬಾಟಂ ಮೂಲದಲ್ಲಿ ನೌಕಾಪಡೆಯ ನಾವಿಕರ ಬಟ್ಟೆ. 1960ರ ದಶಕದಲ್ಲಿ ಅಮೆರಿಕದ ಹುಡುಗರು ಸೈನ್ಯದ ಹಳೇ ಬಟ್ಟೆ ಮಾರೋ ಅಂಗಡಿಗಳಲ್ಲಿ ಅಗ್ಗಕ್ಕೆ ಕೊಂಡರು. 70ರ ದಶಕದಲ್ಲಿ ಅದೇ ಫ್ಯಾಷನ್. ನಮ್ಮ ಸಿನಿಮಾ ಹೀರೋಗಳೂ ಹಾಕಿದರು. ಆಮೇಲೆ ಮೂಲೆ ಸೇರಿತು, 90ರ ದಶಕದಲ್ಲಿ ಅಲ್ಲಿ ಮತ್ತೆ ಬಂತು. 2019ರಲ್ಲಿ ರಿಷಬ್ ಶೆಟ್ಟಿಯವರ 'ಬೆಲ್ ಬಾಟಂ' ಬಂದಾಗ ನಾನೂ ಶಿಳ್ಳೆ ಹೊಡೆದು ನೋಡಿದೆ.

ನನಗನ್ನಿಸೋದು ಇಷ್ಟು: ಹಳೇದು ಸ್ಟೈಲ್ ಆಗೋದು, ಅದನ್ನು ಬೇರೆ ದಾರಿಯಿಲ್ಲದೆ ಹಾಕ್ಕೊಳ್ಳೋರು ಕಣ್ಣಿಗೆ ಬೀಳದ ಹಾಗಾದ ಮೇಲೆ. ರೆಟ್ರೋ ಡೇ ಮುಗಿಸಿ ಸಂಜೆ ನಾನು ಜೀನ್ಸ್ ಹಾಕ್ಕೊಂಡೆ. ಅಪ್ಪನಿಗೆ ಬದಲಿಸೋಕೆ ಇನ್ನೊಂದು ಒಳ್ಳೇ ಪ್ಯಾಂಟ್ ಇರಲಿಲ್ಲ. ಅವತ್ತು ನಕ್ಕವರು ನಕ್ಕಿದ್ದು ಪ್ಯಾಂಟಿಗಲ್ಲ, ಅದಕ್ಕೆ. ನಾನು ನಾಚಿದ್ದೂ ಅದಕ್ಕೇ.

ದೀಪಾವಳಿಗೆ ಊರಿಗೆ ಹೋಗ್ತಿದೀನಿ. ಅಪ್ಪನಿಗೆ ಆ ಗೇಟು ನೆನಪಿದೆಯೋ ಇಲ್ವೋ ಗೊತ್ತಿಲ್ಲ. ನನಗೆ ನೆನಪಿದೆ ಅಂತಾದ್ರೂ ಹೇಳಬೇಕು.