ಹಣ ತೆತ್ತ ಮೇಲೆ ಉಳಿಯುವ ಋಣ

ವಾಹನವನ್ನು ರಸ್ತೆಗಿಳಿಸುವವನು ಅನ್ಯರಿಗಾಗಬಹುದಾದ ಹಾನಿಗೆ ವಿಮೆ ಮಾಡಿಸಿರಲೇಬೇಕೆಂದು 1988ರ ಮೋಟಾರು ವಾಹನಗಳ ಅಧಿನಿಯಮದ 146ನೆಯ ಕಲಮು ವಿಧಿಸಿದೆ. ಉಚಿತವೇ. ಚಾಲಕನು ಬಡವನಾದರೂ ಮೃತನ ಮಕ್ಕಳು ಉಪವಾಸ ಬೀಳಬಾರದಷ್ಟೆ. ಆದರೆ ವಿಮಾ ಕಂಪನಿ ಹಣ ತೆತ್ತ ಮಾತ್ರಕ್ಕೆ ಚಾಲಕನು ಋಣಮುಕ್ತನಾದನೆ?

ಕಾನೂನೇ ಹಾಗೆಂದು ಬಗೆದಿಲ್ಲ. ಗಾಯಾಳುವನ್ನು ಹತ್ತಿರದ ವೈದ್ಯರಲ್ಲಿಗೋ ಆಸ್ಪತ್ರೆಗೋ ಸಾಗಿಸುವ ಹೊಣೆಯನ್ನು 134ನೆಯ ಕಲಮು ಚಾಲಕನ ಮೇಲೆಯೇ ಹೊರಿಸಿದೆ. ಗುಂಪಿನ ಕೋಪದಂತಹ, ಅವನ ಕೈಮೀರಿದ ಕಾರಣವಿದ್ದರೆ ಮಾತ್ರ ವಿನಾಯಿತಿ. ಈ ಹೊಣೆಗೆ ವಿಮೆಯಿಲ್ಲ.

ಕಠಿಣ ಪರೀಕ್ಷೆ ಒದಗುವುದು ತಡವಾಗಿ, ಪರಿಹಾರದ ನ್ಯಾಯಮಂಡಳಿಯ ಮುಂದೆ. 'ಪಾದಚಾರಿಯೇ ಅಡ್ಡ ಬಂದನು' ಎಂಬ ತಕರಾರು ವಾಹನ ನಡೆಸಿದವನ ಹೆಸರಿನಲ್ಲಿ ಬರೆದು ಸಿದ್ಧವಾಗಿರುತ್ತದೆ. ಓದಿ ಸಹಿ ಮಾಡುವವರು ವಿರಳ. ಮೃತನಲ್ಲಿಯೂ ತಪ್ಪುಂಟೆಂದು ತೀರ್ಮಾನವಾದರೆ ಆ ತಪ್ಪಿನ ಪಾಲಿನಷ್ಟು ಪರಿಹಾರ ಕಡಿತವಾಗುತ್ತದೆ. ಅದನ್ನು ಅಲ್ಲಗಳೆಯಲು ಅವನು ಎದ್ದು ಬರಲಾರ. ನಿಜವಾಗಿಯೂ ಅಡ್ಡ ಬಂದಿದ್ದರೆ ಹಾಗೆ ನುಡಿಯುವುದರಲ್ಲಿ ದೋಷವಿಲ್ಲ. ಬಂದಿರದಿದ್ದರೆ? ಉಳಿಯುವ ಹಣ ಕಂಪನಿಯದು. ಸುಳ್ಳು ಮಾತ್ರ ಸಹಿ ಮಾಡಿದವನದು.

ಅಪರಾಧ ವಿಚಾರಣೆಯ ಭಯವುಂಟೆನ್ನುವಿರಾ? ಆಪಾದಿತನು ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವಂತೆ ಬಲಾತ್ಕರಿಸಲಾಗದೆಂದು ಸಂವಿಧಾನದ 20ನೆಯ ಅನುಚ್ಛೇದ ಅಭಯವಿತ್ತಿದೆ. ಅದು ಮೌನಕ್ಕೆ ಕೊಟ್ಟ ಅಭಯ, ಸುಳ್ಳಿಗಲ್ಲ. ಇನ್ನು, ಕಂಪನಿಗೆ ಅನ್ಯಾಯವಾದೀತೆಂಬ ಅಳುಕೂ ಬೇಡ. ಚಾಲಕ, ಮಾಲೀಕರು ಪ್ರತಿವಾದಿಸದೆ ಉಳಿದರೆ, 170ನೆಯ ಕಲಮಿನಂತೆ ನ್ಯಾಯಮಂಡಳಿಯ ಅನುಮತಿ ಪಡೆದು ಕಂಪನಿಯು ತನ್ನ ವಾದವನ್ನು ತಾನೇ ಹೂಡಬಹುದು. ಸಹಿಗೆ ಮುನ್ನ ಆ ಕಾಗದವನ್ನೊಮ್ಮೆ ಓದಿಸಿ ಕೇಳಿರಿ.