ಕಾಣಿಕೆಯ ಲೆಕ್ಕ ಕೇಳೋದು ತಪ್ಪಾ?

ದೇವರಿಗೆ ಕೊಟ್ಟ ದುಡ್ಡಿಗೆ ಲೆಕ್ಕ ಕೇಳಬಾರದು ಅನ್ನೋ ಮಾತು ನಮ್ಮ ಕಡೆ ಇದೆ. ಯಾರಾದರೂ ಬಾಯಿ ಬಿಟ್ಟು ಕೇಳಿದರೆ, "ಏನಪ್ಪಾ, ನಮ್ಮ ಮೇಲೆ ನಂಬಿಕೆ ಇಲ್ವಾ?" ಅಂತಾರೆ. ಕೇಳಿದವನು ತಲೆ ತಗ್ಗಿಸಿ ಸುಮ್ಮನಾಗ್ತಾನೆ. ಹಾಗಾದರೆ ಲೆಕ್ಕ ಕೇಳೋದು ಅಂದ್ರೆ ಅಪನಂಬಿಕೆಯಾ? ಏಳನೇ ಕ್ಲಾಸು ಓದಿದವನು ನಾನು. ತಿಳಿದ ಮಟ್ಟಿಗೆ ಬರೀತೀನಿ, ತಪ್ಪಿದ್ದರೆ ಮಾಸ್ತರುಗಳು ತಿದ್ದಲಿ.

ನಮ್ಮ ಒಡ್ಡನ್‌ಛತ್ರದ ತರಕಾರಿ ಮಂಡಿಯನ್ನೇ ನೋಡಿ. ಇಲ್ಲಿಂದ ಕೇರಳಕ್ಕೆ ಲಾರಿಗಟ್ಟಲೆ ಸರಕು ಹೋಗುತ್ತೆ. ಎಷ್ಟೋ ವರ್ಷದಿಂದ ಒಂದೇ ಮಂಡಿಗೆ ನುಗ್ಗೆಕಾಯಿ ಹಾಕುವ ರೈತನೂ ತೂಕ, ದರ, ಕಮಿಷನ್ ಬರೆದ ಚೀಟಿ ಇಸ್ಕೊಂಡೇ ಮನೆಗೆ ಹೋಗ್ತಾನೆ. ಮಂಡಿಯವರಿಗೆ ಅದರಿಂದ ಕೋಪ ಬರಲ್ಲ. ನುಗ್ಗೆಕಾಯಿ ದುಡ್ಡಿಗೆ ಚೀಟಿ ಬೇಕು, ದೇವರ ದುಡ್ಡಿಗೆ ಬೇಡ ಅಂದ್ರೆ, ದೇವರ ದುಡ್ಡೇ ಅಗ್ಗ ಆಯ್ತಲ್ಲ?

ನಾನು ಹಾಡೋಕೆ ಹೋಗ್ತಿದ್ದ ಒಂದೂರಲ್ಲಿ ಗುಡಿಯ ದುಡ್ಡೆಲ್ಲ ಒಬ್ಬ ಹಿರಿಯರ ಕೈಲಿತ್ತು. ತುಂಬಾ ಪ್ರಾಮಾಣಿಕ ಮನುಷ್ಯ. ಲೆಕ್ಕ ಮಾತ್ರ ಬಾಯಲ್ಲೇ ಇತ್ತು, ಪುಸ್ತಕ ಇರಲಿಲ್ಲ. ಅವರು ಇದ್ದಕ್ಕಿದ್ದಂತೆ ತೀರಿಹೋದರು. ಪೆಟ್ಟಿಗೆಯಲ್ಲಿ ಸಿಕ್ಕಿದ್ದು ಜನ ಅಂದುಕೊಂಡದ್ದಕ್ಕಿಂತ ಕಮ್ಮಿ. ಖರ್ಚಾಗಿತ್ತೋ, ಯಾರಿಗಾದರೂ ಕೊಟ್ಟಿದ್ದರೋ, ಹೇಳೋರು ಯಾರು? ಹದಿನಾರನೇ ದಿನದ ಊಟಕ್ಕೂ ಅರ್ಧ ಊರು ಬರಲಿಲ್ಲ. ಎರಡು ವರ್ಷ ಜಾತ್ರೆ ನಿಂತುಹೋಯ್ತು. ಆ ತಾಯಿ ನೀರಿಗೆ ಹೋದರೂ ಹಿಂದಿನಿಂದ ಮಾತು ಕೇಳಬೇಕಾಯ್ತು. ಕಳ್ಳನಿಗೆ ಪುಸ್ತಕ ಇಲ್ಲದಿದ್ದರೆ ಲಾಭ. ಒಳ್ಳೆಯವನಿಗೆ ಪುಸ್ತಕ ಇಲ್ಲದಿದ್ದರೆ ಸತ್ತ ಮೇಲೆ ಸಾಕ್ಷಿ ಇಲ್ಲ.

ಬೈಬಲಿನಲ್ಲಿ ಒಂದು ಕಥೆ ಇದೆ, ಎರಡನೆಯ ಅರಸುಗಳು 12ನೇ ಅಧ್ಯಾಯ. ದೇವಾಲಯದ ರಿಪೇರಿಗೆ ಅಂತ ಯಾಜಕರು ದುಡ್ಡು ತಗೊಳ್ತಿದ್ದರು. ಯೋವಾಷ ರಾಜನ 23ನೇ ವರ್ಷ ಬಂದರೂ ರಿಪೇರಿ ಆಗಲಿಲ್ಲ. ಆಗ ಯಾಜಕ ಯೆಹೋಯಾದ ಒಂದು ಪೆಟ್ಟಿಗೆ ತಂದು, ಮುಚ್ಚಳಕ್ಕೆ ತೂತು ಕೊರೆದು ಇಟ್ಟ. ಪೆಟ್ಟಿಗೆ ತುಂಬಿದಾಗ ರಾಜನ ಲೇಖಕನೂ ಮಹಾಯಾಜಕನೂ ಇಬ್ಬರೂ ಸೇರಿ ಎಣಿಸಿದರು. ಅದೇ ಕಥೆಯಲ್ಲಿ ಇನ್ನೊಂದು ಮಾತೂ ಇದೆ: ಕೆಲಸ ಮಾಡಿಸೋರ ಕೈಗೆ ದುಡ್ಡು ಕೊಟ್ಟ ಮೇಲೆ, ಅವರು ನಂಬಿಗಸ್ತರು ಅಂತ ಲೆಕ್ಕ ಕೇಳಲಿಲ್ಲವಂತೆ. ಇದನ್ನು ಹಿಡಿದು ಲೆಕ್ಕ ಬೇಡ ಅನ್ನೋರು ಇರಬಹುದು. ಆದರೆ ಮೊದಲು ಇಬ್ಬರು ಎಣಿಸಿದ್ದಾರೆ, ಆಮೇಲೆ ನಂಬಿದ್ದಾರೆ. ಎಣಿಸೋ ಬದಲಿಗೆ ನಂಬಿದ್ದಲ್ಲ. ಪೌಲನೂ ಬಡವರಿಗೆ ಎತ್ತಿದ ದುಡ್ಡನ್ನು ಒಬ್ಬನ ಕೈಲಿ ಕಳಿಸಲಿಲ್ಲ. ದೇವರ ಮುಂದೆ ನೆಟ್ಟಗಿದ್ದರೆ ಸಾಲದು, ಜನರ ಮುಂದೆಯೂ ಇರಬೇಕು ಅನ್ನೋದು ಅವನ ವಿಚಾರ.

ನಮ್ಮ ಪಳನಿಯಲ್ಲೂ ಹುಂಡಿ ತೆರೆದಾಗ ದೇವಸ್ಥಾನದವರು, ಬ್ಯಾಂಕಿನವರು, ಕಾಲೇಜು ಮಕ್ಕಳು ಒಟ್ಟಿಗೆ ಕೂತು ಎಣಿಸ್ತಾರೆ. ತಮಿಳುನಾಡಿನ ದೇವಸ್ಥಾನಗಳಿಗೆ ಲೆಕ್ಕ ಇಡಬೇಕು, ಆಡಿಟ್ ಆಗಬೇಕು ಅಂತ 1959ರ ಕಾಯಿದೆಯೇ ಇದೆ.

ಆದರೆ ಲೆಕ್ಕ ಅಂದ್ರೆ ಯಾರು ಎಷ್ಟು ಕೊಟ್ಟರು ಅಂತ ಮೈಕಲ್ಲಿ ಕೂಗೋದಲ್ಲ. ಮದುವೆಯ ಮುಯ್ಯಿ ಪುಸ್ತಕದಲ್ಲಿ ಹೆಸರು ಬೇಕು, ಯಾಕಂದ್ರೆ ಅದನ್ನು ನಾವು ತಿರುಗಿ ಕೊಡಬೇಕು. ಕಾಣಿಕೆ ತಿರುಗಿ ಬರುವಂಥದ್ದಲ್ಲ. ಎರಡು ಕಾಸು ಹಾಕಿದ ವಿಧವೆಯನ್ನು ಯೇಸು ಎಲ್ಲರಿಗಿಂತ ಹೆಚ್ಚು ಕೊಟ್ಟವಳು ಅಂದ. ಅವಳ ಎರಡು ಕಾಸನ್ನು ಹಣವಂತನ ಹೆಸರಿನ ಪಕ್ಕ ಓದಿದರೆ ಮುಂದಿನ ವಾರ ಅವಳು ಬರ್ತಾಳಾ? ಕೊಟ್ಟವರ ಹೆಸರು ಮುಚ್ಚಿರಲಿ, ಇಸ್ಕೊಂಡವರ ಲೆಕ್ಕ ತೆರೆದಿರಲಿ.

ಮಾಡೋದೇನೂ ಕಷ್ಟ ಇಲ್ಲ. ಆರಾಧನೆ ಮುಗಿದ ಜಾಗದಲ್ಲೇ, ಒಂದೇ ಮನೆಯವರಲ್ಲದ ಇಬ್ಬರು ಎಣಿಸಲಿ. ಐನೂರರ ನೋಟು ಎಷ್ಟು, ನೂರರದ್ದು ಎಷ್ಟು, ಚಿಲ್ಲರೆ ಎಷ್ಟು ಅಂತ ಬರೆದು ಇಬ್ಬರೂ ಸೈನು ಹಾಕಲಿ. ತಪ್ಪಾದರೆ ಅಳಿಸಬಾರದು, ಹಳೆ ಅಂಕಿ ಕಾಣುವಂತೆ ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಅದರಿಂದ ಖರ್ಚಿಗೆ ಅಂತ ತೆಗೆಯದೆ ಪೂರ್ತಿ ಬ್ಯಾಂಕಿಗೆ ಕಟ್ಟಬೇಕು. ಸುಗ್ಗಿ ಹಬ್ಬಕ್ಕೆ ತಂದ ಕುಂಬಳಕಾಯಿ, ಕೋಳಿ ಹರಾಜಾದರೆ ಅದಕ್ಕೂ ಒಂದು ಸಾಲು ಇರಲಿ.

ಊರೂರು ಸುತ್ತಿ ಹಾಡೋ ನಮ್ಮ ಮೇಳದಲ್ಲಿ ಟವಲಿನ ಮೇಲೆ ಬಿದ್ದ ದುಡ್ಡನ್ನು ದೀಪದ ಕೆಳಗೆ, ತಮಟೆಯವನ ಮುಂದೆಯೇ ಎಣಿಸ್ತೀವಿ. ಅದಕ್ಕೇ ಇಷ್ಟು ವರ್ಷ ಒಟ್ಟಿಗೆ ಹಾಡ್ತಿದ್ದೀವಿ. ನಿಮ್ಮ ಗುಡಿಯೋ ಚರ್ಚೋ, ಬರುವ ಹಬ್ಬಕ್ಕೆ ಮೊದಲು ಒಂದು ಗಟ್ಟಿ ರಟ್ಟಿನ ನೋಟ್‌ಬುಕ್ ತನ್ನಿ. ಲೆಕ್ಕ ಇಡೋ ಪುಣ್ಯಾತ್ಮನ ಮಾನ ಕಾಯೋದು ನಮ್ಮೆಲ್ಲರ ಕೆಲಸ.